ಎಡಗಡೆಯ ಹಿಂದಿನ ಬಾಗಿಲು

ಬೆಲೆ ಇಳಿಯಬೇಕಾದ ಹೊತ್ತಿನಲ್ಲಿ ಏರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಯುದ್ಧ ಶುರುವಾಗಿ ಪೆಟ್ರೋಲಿಗೆ ಕೂಪನ್ನು ಬರುವುದಕ್ಕೆ ಮುಂಚಿನ ಮಾತು. ಕಂಪ್ಲಿಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಹಳೆಯ ಮೋಟಾರು ಕೊಳ್ಳಬೇಕೆಂದು ಹೊಸಪೇಟೆಗೆ ಹೊರಟಿದ್ದರು. ಗಾಡಿಯನ್ನು ಪರೀಕ್ಷೆ ಮಾಡುವುದು, ಅದರ ಕುಂದುಗಳನ್ನು ಎತ್ತಿ ಆಡಿ ದರ ಇಳಿಸಲು ನೆರವಾಗುವುದು, ಕೊಂಡ ಮೇಲೆ ಓಡಿಸುವುದು, ಈ ಮೂರಕ್ಕೂ ನನ್ನನ್ನು ಗೊತ್ತು ಮಾಡಿಕೊಂಡಿದ್ದರು. ನಾನು ಬಳ್ಳಾರಿ ಕಡೆಯವನು. ಕಂಪ್ಲಿಗೆ ಬಂದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ.

ಸಾಹುಕಾರರಿಗೆ ಮೋಟಾರಿನ ಶೋಕಿ ಇರಲಿಲ್ಲ. ಹಿಂದಿನ ವರ್ಷ ಅವರ ಸೊಸೆಗೆ ಹೆರಿಗೆ ಕಷ್ಟವಾಗಿ, ಹೊಸಪೇಟೆಯ ಆಸ್ಪತ್ರೆಗೆಂದು ಬಂಡಿ ಕಟ್ಟಿದ್ದರು. ಎತ್ತುಗಳನ್ನು ಸ್ವತಃ ಅವರೇ ಹೊಡೆದಿದ್ದರು. ಕಮಲಾಪುರ ಮುಟ್ಟುವಷ್ಟರಲ್ಲಿ ಕೂಸು ಹುಟ್ಟಿತು, ಅಳಲಿಲ್ಲ. ಈಗ ಸೊಸೆ ಮತ್ತೆ ಬಸುರಿ. ಈ ಸಲ ಬಂಡಿಯ ಮಾತೇ ಬೇಡವೆಂದು ಅವರು ನಿಶ್ಚಯಿಸಿದ್ದರು. ದಾರಿಯಲ್ಲಿ ನನಗೆ ಹೇಳಿದ್ದು ಇಷ್ಟೇ: "ಜಲ್ದಿ ಹೋಗೂ ಗಾಡಿ ಬೇಕು ಡ್ರೈವರ, ಗಾಳಿ ಹೊಡೀಬಾರದು. ಸುತ್ತಾ ಮುಚ್ಚಿದ್ದು ನೋಡು."

ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ ಹಳೆಯ ಮೋಟಾರುಗಳನ್ನು ಕೊಂಡು ಮಾರುವ ಒಂದು ತಗಡಿನ ಶೆಡ್ಡಿತ್ತು. ಅದರ ಯಜಮಾನರು ನಲವತ್ತರ ಆಸುಪಾಸಿನವರು, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಸದಾ ಎಣ್ಣೆ ಬಟ್ಟೆ. ಮೋಟಾರು ಮಾರುವವರಲ್ಲಿ ಕಾಣುವ ಬಾಯಿಬಡುಕತನ ಅವರಲ್ಲಿರಲಿಲ್ಲ.

"ಬರ್ರಿ ಸಾಹುಕಾರ್ರ, ಕುಂದ್ರಿ. ಚಾ ಕುಡೀತೀರೇನ್ರಿ?"

"ಚಾ ಆಮ್ಯಾಲೆ. ಮೊದಲು ಗಾಡಿ ತೋರಸ್ರಿ."

ಶೆಡ್ಡಿನಲ್ಲಿ ಎರಡು ಗಾಡಿಗಳಿದ್ದವು. ಬಾಗಿಲ ಹತ್ತಿರದ್ದು ಕ್ಯಾನ್‌ವಾಸ್ ಮುಚ್ಚಿಗೆಯ ಸಣ್ಣ ಕಾರು. ಯಜಮಾನರು ಅದನ್ನೇ ಹೊಗಳತೊಡಗಿದರು. ಹಿಂದೆ ಗೋಡೆಗೆ ಒತ್ತಿ ನಿಲ್ಲಿಸಿದ್ದು ಅಮೆರಿಕದ ದೊಡ್ಡ ಕಾರು, ಮೇಲೆ ಗಟ್ಟಿ ಚಾವಣಿ, ನಾಲ್ಕೂ ಬಾಗಿಲಿಗೆ ಗಾಜು, ಕಡು ಹಸಿರು ಬಣ್ಣ. ಸಾಹುಕಾರರು ಸಣ್ಣದರ ಕಡೆ ತಿರುಗಿಯೂ ನೋಡಲಿಲ್ಲ.

"ಅದು."

"ಅದಕ್ಕ ಪೆಟ್ರೋಲ್ ಭಾಳ ಬೇಕ್ರಿ," ಎಂದರು ಯಜಮಾನರು.

ಗಾಡಿಯನ್ನು ಬೆಳಕಿಗೆ ತಳ್ಳಿಸಿ ನಾನು ಕೆಲಸಕ್ಕೆ ತೊಡಗಿದೆ. ಮುಂದಿನ ಚಕ್ರಗಳನ್ನು ಜಾಕಿನ ಮೇಲೆ ಎತ್ತಿ ಹಿಡಿದು ಅಲ್ಲಾಡಿಸಿದರೆ ಎಡಗಡೆಯದು ಸ್ವಲ್ಪ ಕುಲುಕುತ್ತಿತ್ತು. ಸ್ಟೀರಿಂಗಿನಲ್ಲಿ ಎರಡು ಬೆರಳಷ್ಟು ಸಡಿಲ. ಮುಂದೆ ಹ್ಯಾಂಡಲ್ ಹಾಕಿ ನಿಧಾನವಾಗಿ ತಿರುಗಿಸಿದೆ. ಇಂಜಿನ್ನು ಸರಿಯಿದ್ದರೆ ಪ್ರತಿಯೊಂದು ಸಿಲಿಂಡರೂ ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ಎಲ್ಲವೂ ಒಂದೇ ಸಮ ತಳ್ಳಿದವು. ಇಷ್ಟು ಹಳೆಯ ಗಾಡಿಗೆ ಅಷ್ಟು ಒಳ್ಳೆಯ ಇಂಜಿನ್ನು ಇರುವುದು ಅಪರೂಪ. ಬಾನೆಟ್ಟು ಎತ್ತಿದಾಗ ಇನ್ನೂ ಆಶ್ಚರ್ಯವಾಯಿತು. ಒಂದು ವಯರೂ ಹಳೆಯದಿರಲಿಲ್ಲ. ದೀಪಗಳು, ಹಾರ್ನು, ಡೈನಮೋ, ಕೊನೆಗೆ ಸಣ್ಣ ಸಣ್ಣ ವಾಷರುಗಳು ಕೂಡ ಹೊಸವು. ಮಾರುವ ಗಾಡಿಗೆ ಯಾರೂ ಹೀಗೆ ಖರ್ಚು ಮಾಡುವುದಿಲ್ಲ. ಮೇಲೆ ಬಣ್ಣ ಬಳಿದು ಕಳಿಸುತ್ತಾರೆ.

ಹಂಪಿಯ ರಸ್ತೆಯಲ್ಲಿ ಕಮಲಾಪುರದ ಕೆರೆ ಏರಿಯವರೆಗೆ ಓಡಿಸಿದೆ. ಸಾಹುಕಾರರು ಪಕ್ಕದಲ್ಲಿ ಕುಳಿತಿದ್ದರು. ಯಜಮಾನರು ಬರಲಿಲ್ಲ. ಏರನ್ನು ಅದು ಮೂರನೆಯ ಗೇರಿನಲ್ಲೇ ಹತ್ತಿತು. ಬಿಸಿಲು ಜೋರಾಗಿತ್ತು, ಧೂಳು ಬರುತ್ತದೆಂದು ಸಾಹುಕಾರರು ಗಾಜು ಏರಿಸಿದರು. ಆಗ ಒಳಗೆ ಒಂದು ವಾಸನೆ ಎದ್ದಿತು. ನೆರೆ ಇಳಿದು ಹೋದ ಮೇಲೆ ಹೊಳೆಯ ದಂಡೆ ಬಿಸಿಲಿಗೆ ಕಾಯುವಾಗ ಬರುವ ವಾಸನೆ. ಒಂದು ಸಲ ತಿರುಗಿ ಹಿಂದಿನ ಸೀಟು ನೋಡಿದೆ. ಒಣಗಿತ್ತು, ಚೊಕ್ಕಟವಾಗಿತ್ತು.

"ಏನದು?" ಎಂದರು ಸಾಹುಕಾರರು.

"ಭಾಳ ದಿನ ಮುಚ್ಚಿಟ್ಟಾರ್ರಿ, ಅದಕ್ಕ," ಎಂದೆ. ನಾನೂ ಹಾಗೆಯೇ ತಿಳಿದಿದ್ದೆ.

ಶೆಡ್ಡಿಗೆ ಮರಳಿ ಬಂದು ವ್ಯಾಪಾರಕ್ಕೆ ಕುಳಿತೆವು. ಯಜಮಾನರು ಒಂಬೈನೂರು ರೂಪಾಯಿ ಅಂದರು. ನಾನು ಚಕ್ರದ ಕುಲುಕು, ಸ್ಟೀರಿಂಗಿನ ಸಡಿಲು, ಸವೆದ ಟೈರು ಒಂದೊಂದೇ ಮುಂದಿಟ್ಟೆ. ಅವರು ವಾದ ಮಾಡದೆ ಒಪ್ಪಿಕೊಳ್ಳುತ್ತ ಬಂದರು. ಸಾಹುಕಾರರಿಗೆ ದನದ ಸಂತೆಯ ರೂಢಿ. ಹೆಗಲ ಮೇಲಿನ ಟವೆಲನ್ನು ಯಜಮಾನರ ಕೈ ಮೇಲೆ ಹೊದಿಸಿ ಒಳಗೆ ಬೆರಳು ಹಿಡಿದು ಗುಟ್ಟಾಗಿ ದರ ಕುದುರಿಸತೊಡಗಿದರು. ಸ್ವಲ್ಪ ಹೊತ್ತಿಗೆ ಏಳುನೂರರ ಹತ್ತಿರ ಬಂತೆಂದು ಅವರ ಮುಖದಿಂದಲೇ ನನಗೆ ತಿಳಿಯಿತು.

ಟವೆಲಿನ ಕೆಳಗೆ ಕೈ ಇದ್ದಂತೆಯೇ ಯಜಮಾನರು ಕೇಳಿದರು, "ಗಾಡಿ ಯಾತಕ್ರಿ ಸಾಹುಕಾರ್ರ? ಗಿರಣಿ ಕೆಲಸಕ್ಕನು?"

"ಇಲ್ಲಪ. ಸೊಸಿ ಬಸುರಿ ಅದಾಳ. ದವಾಖಾನಿಗೆ ಕರಕೊಂಡು ಬರಾಕ."

ಯಜಮಾನರು ಕೈ ಹಿಂದಕ್ಕೆ ಎಳೆದುಕೊಂಡರು. ಟವೆಲು ನೆಲಕ್ಕೆ ಬಿತ್ತು.

"ಹನ್ನೆರಡು ನೂರು," ಎಂದರು.

"ಏನಂದ್ರಿ?"

"ಹನ್ನೆರಡು ನೂರಿಗೆ ಕಡಿಮಿ ಆಗೂದಿಲ್ರಿ. ಬೇಕಾದ್ರ ಆ ಸಣ್ಣ ಕಾರು ಒಯ್ರಿ, ಕೊಟ್ಟಷ್ಟು ಕೊಡ್ರಿ."

ಸಾಹುಕಾರರಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಗರಜು ಕಂಡು ರೇಟು ಏರಸ್ತೀರೇನು? ಬಸುರಿ ಹೆಣ್ಮಗಳ ಮ್ಯಾಲೆ ಲಾಭ ಮಾಡ್ತೀರೇನು?" ಎಂದು ಎದ್ದುಬಿಟ್ಟರು. ಯಜಮಾನರು ತಲೆ ತಗ್ಗಿಸಿ ಎಣ್ಣೆ ಬಟ್ಟೆಯಲ್ಲಿ ಬೆರಳು ಒರೆಸುತ್ತಿದ್ದರು.

ಕಂಪ್ಲಿಗೆ ಹಿಂದಿರುಗುವಾಗಲೂ ಸಾಹುಕಾರರ ಸಿಟ್ಟು ಇಳಿದಿರಲಿಲ್ಲ. ನನಗೆ ಇದು ಒಗಟಾಗಿತ್ತು. ಗರಜು ಕಂಡು ದರ ಏರಿಸುವವನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆ. ಈ ಮನುಷ್ಯ ನಾವು ಎದ್ದು ಹೋಗಲೆಂದು ಕಾಯುತ್ತಿದ್ದಂತೆ ಕಂಡಿತು.

ಮುಂದಿನ ವಾರ ಬಳ್ಳಾರಿಯಲ್ಲಿ ವಿಚಾರಿಸಿದೆವು. ಮುಚ್ಚಿದ ಗಾಡಿ ಸಿಗಲಿಲ್ಲ. ಸಂಡೂರಿನ ಗಣಿಯ ಕಡೆ ಒಂದು ಇದೆಯೆಂದು ಕೇಳಿ ಹೋದರೆ ಅದರ ಇಂಜಿನ್ನು ಹೊಗೆ ಕಾರುತ್ತಿತ್ತು. ಸೊಸೆಯ ತಿಂಗಳು ಏರುತ್ತಿತ್ತು. ಸಾಹುಕಾರರು ತಮ್ಮ ಸಿಟ್ಟನ್ನು ತಾವೇ ನುಂಗಿಕೊಂಡು ಮತ್ತೆ ಹೊಸಪೇಟೆಗೆ ಹೊರಟರು. "ಏನಾರ ಕುಂದು ಹುಡುಕು ಡ್ರೈವರ. ಬಾಡಿ ಲಡ್ಡು ಆಗಿದ್ರ ಅದನ್ನ ಹಿಡಕೊಂಡು ರೇಟು ಇಳಸೂಣು," ಎಂದರು.

ಅಂದಿನ ಗಾಡಿಗಳಲ್ಲಿ ತಗಡಿನ ಒಳಗೆ ಕಟ್ಟಿಗೆಯ ಚೌಕಟ್ಟು ಇರುತ್ತಿತ್ತು. ಅದು ಲಡ್ಡಾದರೆ, ಅಂದರೆ ಒಳಗೇ ಕೊಳೆತು ಮೆತ್ತಗಾದರೆ, ಎಷ್ಟು ಒಳ್ಳೆಯ ಇಂಜಿನ್ನಿದ್ದರೂ ಬೆಲೆ ಅರ್ಧಕ್ಕೆ ಇಳಿಯುತ್ತದೆ. ನಾವು ಹೋದಾಗ ಯಜಮಾನರು ಊಟಕ್ಕೆ ಮನೆಗೆ ಹೋಗಿದ್ದರು. ಸಾಹುಕಾರರು ನನ್ನನ್ನು ಶೆಡ್ಡಿನಲ್ಲಿ ಬಿಟ್ಟು ಪೇಟೆಯ ಅಕ್ಕಿ ಅಂಗಡಿಗೆ ಹೋದರು. ಕಾವಲಿನವನಿಗೆ ನನ್ನ ಗುರುತಿತ್ತು, ನೋಡಿಕೊಳ್ಳಿ ಎಂದ.

ಒಂದೊಂದೇ ಬಾಗಿಲು ತೆರೆದು ಕೆಳಗಿನ ಅಂಚನ್ನು ಬೆರಳಲ್ಲಿ ಒತ್ತಿ ನೋಡಿದೆ. ಮೂರು ಬಾಗಿಲುಗಳಿಗೆ ಒಳಗಡೆ ಹಳೆಯ ಕಂದು ಚರ್ಮವಿತ್ತು, ನೀರು ಕುಡಿದು ಒಣಗಿದಂತೆ ಸೆಟೆದಿತ್ತು. ಎಡಗಡೆಯ ಹಿಂದಿನ ಬಾಗಿಲಿಗೆ ಮಾತ್ರ ಹೊಸ ರೆಕ್ಸಿನ್ ಹೊದಿಸಿದ್ದರು. ಅದರ ಒಳಗಿನ ಹಿಡಿಯೂ ಹೊಸದು, ಬೆರಳು ತಾಗಿಸಿದರೆ ಸಾಕು ತೆರೆಯುವಷ್ಟು ಹಗುರ. ಕುಂದನ್ನು ಇಲ್ಲೇ ಮುಚ್ಚಿದ್ದಾರೆಂದು ನನಗೆ ಖಾತ್ರಿಯಾಯಿತು. ಸ್ಕ್ರೂಗಳನ್ನು ಬಿಚ್ಚಿ, ರೆಕ್ಸಿನ್ನಿನ ಒಂದು ಮೂಲೆ ಸಡಿಲಿಸಿದೆ.

ಒಳಗಿನಿಂದ ಮರಳು ಸುರಿಯಿತು. ಹಿಟ್ಟಿನಂಥ ಸಣ್ಣ ಮರಳು, ಹೊಳೆಯದು. ನನ್ನ ಪಾದದ ಮೇಲೆ ಬಿದ್ದು ಗುಪ್ಪೆಯಾಯಿತು. ಅದು ನಿಂತ ಮೇಲೆ ರೆಕ್ಸಿನ್ನನ್ನು ಪೂರ್ತಿ ಎತ್ತಿದೆ. ಹಳೆಯ ಹಲಗೆಯನ್ನು ಬದಲಾಯಿಸಿರಲಿಲ್ಲ. ಹಿಡಿ ಇದ್ದ ಜಾಗದ ಸುತ್ತ ಗೀರುಗಳಿದ್ದವು. ಮೇಲಿನಿಂದ ಕೆಳಗೆ, ಒಂದರ ಪಕ್ಕ ಒಂದು, ಕೆಲವು ಆಳ, ಕೆಲವು ತೆಳು. ಉಳಿಯಿಂದಾದವಲ್ಲ, ಇಕ್ಕಳದಿಂದಾದವಲ್ಲ. ಯಾಕೋ ನನ್ನ ಬೆರಳುಗಳನ್ನು ಅವುಗಳ ಮೇಲಿಟ್ಟೆ. ಅಂತರ ಸರಿಯಾಗಿ ಕೂತಿತು. ನನ್ನ ಕೈಗಿಂತ ಸ್ವಲ್ಪ ಕಿರಿದು.

"ಆಕಿ ನಮ್ಮನ್ಯಾಕಿ," ಎಂದಿತು ಹಿಂದಿನಿಂದ ಒಂದು ಧ್ವನಿ.

ಯಜಮಾನರು ಊಟದಿಂದ ಬಂದು ನಿಂತಿದ್ದರು. ನಾನು ಕೈ ತೆಗೆದೆ. ಅವರು ಬೈಯಲಿಲ್ಲ. ನೆಲದ ಮರಳಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು, ಎಷ್ಟೋ ದಿನದಿಂದ ಕಾದಿದ್ದವರ ಹಾಗೆ ಹೇಳತೊಡಗಿದರು.

ಹೆಂಡತಿಯ ತವರು ಹೊಳೆಯಾಚೆ, ನಿಜಾಮರ ಸೀಮೆಯಲ್ಲಿ. ಅಲ್ಲಿಂದ ಇದೇ ಗಾಡಿಯಲ್ಲಿ ಕರೆದುಕೊಂಡು ಬರುತ್ತಿದ್ದರು. ಹೊಳೆಯ ಮೇಲ್ಗಡೆ ದೂರದ ಒಂದು ಕಡೆ, ಎರಡು ಹರಿಗೋಲುಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿ ಮೋಟಾರು ದಾಟಿಸುತ್ತಿದ್ದರಂತೆ. ಹೆಂಡತಿಗೆ ಜ್ವರ. ಬಿಸಿಲಲ್ಲಿ ನಿಲ್ಲಬೇಡ, ಒಳಗೇ ಕೂತಿರು ಎಂದು ಇವರೇ ಬಾಗಿಲು ಹಾಕಿದರು. ನಡುಹೊಳೆಯಲ್ಲಿ ಒಂದು ಹರಿಗೋಲು ಬಂಡೆಗೆ ಬಡಿಯಿತು. ಹಲಗೆ ವಾಲಿತು. ಗಾಡಿ ಬಲಮಗ್ಗುಲಾಗಿ ಜಾರಿ ನೀರಿಗಿಳಿಯಿತು.

"ಹಿಂದಿನ ಸೀಟಿಗೆ ಮ್ಯಾಲಿದ್ದದ್ದು ಈ ಬಾಗಲ ಒಂದ. ಇದರ ಹಿಡಿ ಒಳಗಿಂದ ಸಿಕ್ಕಿ ಬೀಳತಿತ್ತು. ನನಗ ಗೊತ್ತಿತ್ತು. ನಾನು ಮೋಟಾರು ರಿಪೇರಿ ಮಾಡೂ ಮನಷ್ಯಾ. ಊರಿಗೆ ಹೋದ ಮ್ಯಾಲೆ ಮಾಡಿದರಾತು ಅಂತ ಬಿಟ್ಟಿದ್ದೆ." ಅವರು ಮರಳನ್ನು ಅಂಗೈಯಲ್ಲಿ ಒಟ್ಟು ಮಾಡುತ್ತಿದ್ದರು. "ಹೊರಗಿಂದ ನಾನು ತೆಗ್ಯಾಕ ಹೋದೆ. ಸೆಳವು ನನ್ನ ಎಳಕೊಂಡು ಹೋತು."

ಊರಲ್ಲಿ ಹರಿಗೋಲಿನಿಂದ ಬಿದ್ದು ಹೋದಳೆಂದು ಹೇಳಿದ್ದರು. ನೆರೆ ಇಳಿದ ಮೇಲೆ ಎತ್ತುಗಳನ್ನು ಕಟ್ಟಿ ಗಾಡಿ ಎಳೆಸಿದರು. ಕಪ್ಪಿದ್ದ ಬಣ್ಣವನ್ನು ಹಸಿರು ಮಾಡಿದರು. ಇಂಜಿನ್ನನ್ನು ಪೂರ್ತಿ ಬಿಚ್ಚಿ ತೊಳೆದು, ವಯರು ವಾಷರುಗಳನ್ನೆಲ್ಲ ಹೊಸದು ಹಾಕಿದರು. ಆ ಬಾಗಿಲಿನ ಹಲಗೆಯನ್ನು ಮಾತ್ರ ಬದಲಾಯಿಸಲಾಗದೆ ಮೇಲೆ ರೆಕ್ಸಿನ್ ಹೊದಿಸಿಬಿಟ್ಟರು.

ಆ ಹೊತ್ತಿಗೆ ಸಾಹುಕಾರರು ಬಂದರು. ನಾನು ಎದ್ದು ನಿಂತೆ. ನಾನು ಅವರ ಕೆಲಸದವನು. ಕಂಡದ್ದನ್ನು ಮುಚ್ಚಿಡುವ ಹಾಗಿರಲಿಲ್ಲ. ಆದರೆ ಇದನ್ನು ದರ ಇಳಿಸುವ ಕುಂದಿನಂತೆ ಬಾಯಿಬಿಟ್ಟು ಹೇಳಲು ನಾಲಗೆ ಬರಲಿಲ್ಲ. ಯಜಮಾನರೇ ಹೇಳಿದರು, ನನಗೆ ಹೇಳಿದ್ದಕ್ಕಿಂತ ಚುಟುಕಾಗಿ.

ಸಾಹುಕಾರರು ಗೀರುಗಳನ್ನು ನೋಡಿದರು. ಮುಖ ಕೆಂಪಾಯಿತು. "ಇಂಥಾ ಗಾಡಿ ನನ್ನ ಸೊಸಿಗೆ ಮಾರಾಕ ನಿಂತಿದ್ರೇನು?"

"ಮಾರಬಾರದಂತನ ರೇಟು ಏರಿಸಿದ್ದೆ ಸಾಹುಕಾರ್ರ. ಹೆಣ್ಮಕ್ಕಳು ಕುಂದ್ರತಾರ ಅಂದವರಿಗೆಲ್ಲಾ ಏರಿಸೀನಿ."

"ಹಂಗಾದ್ರ ಶೆಡ್ಡಿನ್ಯಾಗ ಯಾಕಿಟ್ರಿ? ಮುರದು ಒಗೀಬೇಕಿತ್ತು!"

"ಮನಿ ಮುಂದ ನಿಲ್ಲಸಾಕ ಆಗಲಿಲ್ಲ. ಮುರ್ಯಾಕ ಕೈ ಬರಲಿಲ್ಲ. ಯಾರಾರ ಒಯ್ದರ ಸಾಕು ಅಂತೀನಿ, ಯಾರಾರ ಬಂದ್ರ ಎದಿ ಡವ ಡವ ಅಂತೈತಿ."

ಸಾಹುಕಾರರ ಸಿಟ್ಟು ಅಲ್ಲಿಗೇ ನಿಂತಿತು. ಅವರು ಗಾಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನನಗೆ ಹೇಳುತ್ತಾರೋ ಯಜಮಾನರಿಗೋ ತಿಳಿಯದ ಹಾಗೆ, "ಎತ್ತು ಹೊಡದಾಂವ ನಾನು. ಇನ್ನೊಂದಿಷ್ಟು ಜೋರು ಹೊಡದಿದ್ರ ಮುಟ್ಟತಿದ್ದಿವೇನೋ," ಎಂದರು.

ಸುಮ್ಮನೆ ಎದ್ದು ಬರಬಹುದಿತ್ತು. ಆದರೆ ಸೊಸೆಯ ದಿನಗಳು ಹತ್ತಿರವಾಗಿದ್ದವು, ಬೇರೆ ಗಾಡಿ ಇರಲಿಲ್ಲ. ಮುಂದೆ ಅಂಥ ಇಂಜಿನ್ನು, ಕೆಳಗೆ ಗಟ್ಟಿ ಚಾಸಿ. ಕೆಟ್ಟದ್ದೆಲ್ಲ ಇದ್ದದ್ದು ಅದರ ಮೇಲಿನ ಪೆಟ್ಟಿಗೆಯಲ್ಲಿ. ಅದನ್ನು ಯೋಚಿಸುತ್ತಿದ್ದ ಹಾಗೆ ಬಾಯಿಂದ ಮಾತು ಬಂದುಬಿಟ್ಟಿತು.

"ಬಾಡಿ ಕೊಯ್ದು ಹಾಕೂಣ್ರಿ. ಮುಂದಿನ ಸೀಟು ಅಷ್ಟ ಬಿಟ್ಟು ಹಿಂದೆಲ್ಲಾ ತಗದು, ಹಲಗಿ ಹಾಸಿ, ನಾಕು ಗೂಟ ನಿಲ್ಲಿಸಿ ಮ್ಯಾಲೆ ತಾಡಪಾಲು ಕಟ್ಟೂಣು. ಮುಂದ ಅಕ್ಕಿ ಚೀಲಕ್ಕೂ ಆಕ್ಕತಿ."

"ಬಸುರಿ ಹೆಂಗಸನ್ನ ಅಕ್ಕಿ ಚೀಲದ ಗಾಡ್ಯಾಗ ಮಲಗಸ್ತೀಯೇನಲೇ?"

"ಬಾಗಲ ಇರೂದಿಲ್ರಿ ಸಾಹುಕಾರ್ರ. ಒಂದೂ ಇರೂದಿಲ್ಲ."

ಸಾಹುಕಾರರು ಯಜಮಾನರನ್ನು ನೋಡಿದರು. ಯಜಮಾನರು ತಲೆಯಾಡಿಸಿದರು. ದರದ ಮಾತು ಅಲ್ಲಿಗೆ ಎರಡೇ ನಿಮಿಷದಲ್ಲಿ ಮುಗಿಯಿತು. ಇಂಜಿನ್ನು ಮತ್ತು ಚಾಸಿಗೆ ನಾನೂರೈವತ್ತು, ಕೊಯ್ಯುವ ಕೆಲಸ ಶೆಡ್ಡಿನದು. ಯಜಮಾನರು ನಾನೂರು ಸಾಕೆಂದರು. ಕೊಳ್ಳುವವರು ಹೆಚ್ಚು ಹೇಳಿ ಮಾರುವವರು ಕಡಿಮೆ ಕೇಳಿದ ಆ ವ್ಯಾಪಾರದಲ್ಲಿ ಟವೆಲಿಗೆ ಕೆಲಸವೇ ಇರಲಿಲ್ಲ.

ಕೊಯ್ಯುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಚಾವಣಿ ತೆಗೆದರೆ ಮುಂದಿನ ಗಾಜಿನ ಚೌಕಟ್ಟು ಅಲ್ಲಾಡತೊಡಗಿತು. ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಯಬೇಕಾಯಿತು. ಎಡಗಡೆಯ ಹಿಂದಿನ ಬಾಗಿಲನ್ನು ಯಜಮಾನರು ಬೇರೆಯವರಿಗೆ ಮುಟ್ಟಗೊಡಲಿಲ್ಲ. ಅದರ ಬಿಜಾಗರಿಯ ಸ್ಕ್ರೂಗಳು ತುಕ್ಕು ಹಿಡಿದಿದ್ದವು. ಸೀಮೆಎಣ್ಣೆ ಬಿಟ್ಟು, ಕಾದು, ಮತ್ತೆ ಬಿಟ್ಟು, ಒಂದು ಇಡೀ ಮಧ್ಯಾಹ್ನ ಅದರ ಮುಂದೆ ಕೂತು ಬಿಚ್ಚಿದರು. ಬಿಚ್ಚಿದ ಬಾಗಿಲನ್ನು ಎತ್ತಿಕೊಂಡು ಮನೆಗೆ ಹೋದರು. ಏನು ಮಾಡಿದರೆಂದು ನಾನು ಕೇಳಲಿಲ್ಲ.

ಇನ್ನೊಂದು ತೊಡಕು ಓಡಿಸಿ ನೋಡಿದಾಗ ತಿಳಿಯಿತು. ಮೇಲಿನ ಭಾರ ಹೋದ ಮೇಲೆ ಗಾಡಿ ಗುಂಡಿಗೊಮ್ಮೆ ಎಗರುತ್ತಿತ್ತು. ಹಿಂದಿನ ಸ್ಪ್ರಿಂಗಿನ ಪಟ್ಟಿಗಳಲ್ಲಿ ಎರಡನ್ನು ತೆಗೆದೆ. ಸಾಲಲಿಲ್ಲ. ಕೊನೆಗೆ ಗಿರಣಿಯಿಂದ ತೌಡಿನ ಚೀಲಗಳನ್ನು ತಂದು ಹಾಸಿದೆವು. ಗಾಡಿಗೆ ಭಾರವೂ ಆಯಿತು, ಮಲಗುವವರಿಗೆ ಮೆತ್ತೆಯೂ ಆಯಿತು.

ಅದನ್ನು ಕಂಪ್ಲಿಗೆ ತಂದು ಎರಡು ವಾರವೂ ಕಳೆದಿರಲಿಲ್ಲ. ಒಂದು ಬೆಳಿಗ್ಗೆ ಸೊಸೆಗೆ ನೋವು ಶುರುವಾಯಿತು, ದಿನ ತುಂಬುವ ಮುಂಚೆಯೇ. ಸೂಲಗಿತ್ತಿ ಮುಟ್ಟಿ ನೋಡಿ, "ಕೂಸು ಅಡ್ಡ ಐತ್ರಿ, ನನ್ನ ಕೈಲಿ ಆಗೂದಲ್ಲ," ಎಂದಳು. ಸೊಸೆಯನ್ನು ತೌಡಿನ ಚೀಲಗಳ ಮೇಲೆ ಮಲಗಿಸಿದರು. ಸೂಲಗಿತ್ತಿ ಕಾಲ ಹತ್ತಿರ ಕುಳಿತಳು, ಸಾಹುಕಾರರು ನನ್ನ ಪಕ್ಕ.

ಬುಕ್ಕಸಾಗರದ ಹತ್ತಿರ ಕಾಲುವೆಯ ದಂಡೆ ಒಡೆದು ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. ಆಚೆ ಈಚೆ ಗದ್ದೆ, ತಿರುಗಿ ಹೋಗಲು ಬೇರೆ ದಾರಿಯಿಲ್ಲ. ಇಳಿದು ಕೋಲಿನಿಂದ ಆಳ ನೋಡಿದೆ. ಮೊಣಕಾಲ ಮೇಲೆ ಬರುತ್ತಿತ್ತು. ಫ್ಯಾನು ನೀರನ್ನು ಚಿಮ್ಮಿ ಇಂಜಿನ್ನು ತೋಯಿಸಬಾರದೆಂದು ಅದರ ಬೆಲ್ಟು ಕಳಚಿದೆ. ಇಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋದ ಸುತ್ತ ಮೇಣದ ಬಟ್ಟೆ ಬಿಗಿದೆ. ಸಾಹುಕಾರರು ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ನಿಲ್ಲಸಬ್ಯಾಡ," ಎಂದರು.

ಮೊದಲ ಗೇರಿನಲ್ಲಿ, ಒಂದೇ ಸಮ ವೇಗದಲ್ಲಿ ಇಳಿಸಿದೆ. ನೀರು ಮೆಟ್ಟಿಲು ಮುಳುಗಿಸಿ ನನ್ನ ಪಾದಕ್ಕೆ ಬಂತು. ನಡುನೀರಿನಲ್ಲಿ ಹಿಂದಿನಿಂದ ಸದ್ದು ಕೇಳಿತು, ಎಡಗಡೆಯಿಂದ. ಗರ ಗರ, ಹಲಗೆಯ ಮೇಲೆ ಉಗುರು ಆಡಿಸಿದ ಹಾಗೆ. ತಿರುಗಿ ನೋಡಿದೆ. ಸೂಲಗಿತ್ತಿಯ ಎರಡೂ ಕೈ ಸೊಸೆಯ ಮೊಣಕಾಲ ಮೇಲಿದ್ದವು. ಸೊಸೆ ತಲೆಯ ಮೇಲಿನ ಗೂಟ ಹಿಡಿದಿದ್ದಳು. ಎಡಗಡೆ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಸಾಹುಕಾರರೂ ತಿರುಗಿ ನೋಡಿದ್ದರು. ಅವರ ಮುಖ ಕಂಡು ನನಗೊಬ್ಬನಿಗೇ ಕೇಳಿದ್ದಲ್ಲವೆಂದು ಗೊತ್ತಾಯಿತು. ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ. ಇಂಜಿನ್ನು ಒಮ್ಮೆ ಕೆಮ್ಮಿತು, ಮತ್ತೆ ಹಿಡಿಯಿತು. ಮುಂದಿನ ಚಕ್ರಗಳು ಒಣನೆಲ ಹತ್ತಿದಾಗ ಆ ಸದ್ದು ಇರಲಿಲ್ಲ. ಆಮೇಲೆ ಹಲಗೆ, ಗೂಟ, ಹಗ್ಗ ಎಲ್ಲವನ್ನೂ ಅಲ್ಲಾಡಿಸಿ ನೋಡಿದ್ದೇನೆ. ಅಂಥ ಸದ್ದು ಯಾವುದರಿಂದಲೂ ಬರಲಿಲ್ಲ.

ಆಸ್ಪತ್ರೆ ಮುಟ್ಟಿದೆವು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಹೊರಗಿನ ಕಟ್ಟೆಯವರೆಗೆ ಅದರ ಅಳು ಕೇಳಿಸಿತು. ಸಾಹುಕಾರರು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕುಳಿತರು.

ಮ್ಯಾಗ್ನೆಟೋ ಒಣಗಿಸಲೆಂದು ನಾನು ಗಾಡಿಯನ್ನು ಶೆಡ್ಡಿಗೆ ಒಯ್ದೆ. ಯಜಮಾನರು ಎದ್ದು ಬಂದರು. ತಾಯಿ, ಮಗಳು ಇಬ್ಬರೂ ಚೆನ್ನಾಗಿದ್ದಾರೆಂದೆ. ನೀರಿನಲ್ಲಿ ಬಂದದ್ದನ್ನೂ ಹೇಳಿದೆ. ಆ ಸದ್ದಿನ ಮಾತು ಎತ್ತಲಿಲ್ಲ. ಅವರು ಗಾಡಿಯ ಎಡಗಡೆ ನಿಂತು, ಬಾಗಿಲು ಇದ್ದ ಜಾಗದಲ್ಲಿ ತೆರೆದ ಗಾಳಿಯಲ್ಲಿ ಕೈ ಆಡಿಸಿದರು. ನಂತರ ಮ್ಯಾಗ್ನೆಟೋವನ್ನು ತಾವೇ ಬಿಚ್ಚಿ ಒರೆಸಿ ಜೋಡಿಸಿದರು.

"ಸಾಹುಕಾರ್ರು ಈಗ ಹೊಂಡತಾರೇನು?"

"ಇವತ್ತು ಇಲ್ಲೇ ಇರತಾರ್ರಿ."

"ಹಂಗಾದ್ರ ನನ್ನ ಹಂಪಿ ಕಡೆ ಹೊಳಿಗೆ ಬಿಡ್ತೀರೇನು?"

ಸಾಹುಕಾರರನ್ನು ಕೇಳಿ ಬಂದೆ. ಯಜಮಾನರು ನನ್ನ ಪಕ್ಕ ಕೂರಲಿಲ್ಲ. ಹಿಂದೆ ತೌಡಿನ ಚೀಲದ ಮೇಲೆ ಹತ್ತಿ ಕುಳಿತರು. ಕಲ್ಲುಮಂಟಪಗಳನ್ನು ದಾಟಿ ಹೊಳೆಯ ದಂಡೆ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಆಚೆ ದಡಕ್ಕೆ ಹೊರಟ ಹರಿಗೋಲೊಂದರಲ್ಲಿ ಆಗಲೇ ಹುಲ್ಲಿನ ಹೊರೆ ತುಂಬಿಸಿದ್ದರು.

"ನಮ್ಮನ್ಯಾಕಿ ಅವ್ವ ಇನ್ನೂ ಅದಾಳ," ಎಂದರು ಇಳಿಯುತ್ತ. "ಅವತ್ತಿಂದ ನಾನು ಹೊಳಿ ದಾಟಿಲ್ಲ. ಮಗಳು ಹರಿಗೋಲಿನ್ಯಾಗಿಂದ ಬಿದ್ಲು ಅಂತನ ತಿಳಕೊಂಡಾಳ. ಬಾಗಲದ್ದು ಹೇಳಬೇಕು."

"ಬೈದಾರ್ರಿ."

"ಬೈಲಿ."

ನೀರಿನ ಅಂಚಿನಲ್ಲಿ ಅವರು ತುಂಬ ಹೊತ್ತು ನಿಂತರು. ಹರಿಗೋಲಿನವನು ಎರಡು ಸಲ ಕೂಗಿದ. ನಾನು ಹತ್ತಿರ ಹೋಗಿ ತೋಳು ಹಿಡಿದೆ. ಹೋಗಲಾರರೇನೋ, ಗಾಡಿ ತಿರುಗಿಸಬೇಕಾಗುತ್ತದೇನೋ ಅಂದುಕೊಂಡೆ. ಆಗ ಅವರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ನೀರಿಗಿಳಿದು, ಹರಿಗೋಲಿನ ಅಂಚು ಹಿಡಿದು ಒಳಗೆ ಹತ್ತಿದರು. ಹುಲ್ಲಿನ ಹೊರೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಹರಿಗೋಲು ಒಂದು ಸುತ್ತು ತಿರುಗಿ, ಸೆಳವಿಗೆ ಸಿಕ್ಕು, ಆಚೆ ದಡದ ಕಡೆ ನಿಧಾನವಾಗಿ ಸಾಗಿತು. ಅವರು ಆಚೆ ಇಳಿದು ದಂಡೆ ಹತ್ತುವುದು ಕಾಣುವವರೆಗೂ ನಾನು ಅಲ್ಲೇ ನಿಂತಿದ್ದೆ.